ಮೀಟರ್ ಮೊದಲು, ಕರಾರು ಆಮೇಲೆ: ಬಾಡಿಗೆ ಕಚೇರಿ ಕಟ್ಟಡವೊಂದರ ಕರೆಂಟ್ ಉಳಿತಾಯದ ಲಾಗ್

ಐದು ಮಹಡಿಯ ಕಚೇರಿ ಕಟ್ಟಡ. ಮಾಲೀಕರು ಒಬ್ಬರು, ಬಾಡಿಗೆಗಿರುವ ಕಂಪನಿಗಳು ಮೂರು. ಎಸಿಗೆ ಬೇಕಾದ ನೀರು ತಣ್ಣಗೆ ಮಾಡುವ ಚಿಲ್ಲರ್, ಪಂಪು, ಆ ತಣ್ಣೀರಿನಿಂದ ಗಾಳಿ ತಂಪು ಮಾಡಿ ಊದುವ ಪ್ರತಿ ಮಹಡಿಯ ಎಎಚ್‌ಯು, ಲಿಫ್ಟ್, ಮೆಟ್ಟಿಲ ದೀಪ ಎಲ್ಲ ಮಾಲೀಕರದ್ದು. ಮಹಡಿಯೊಳಗಿನ ದೀಪ, ಕಂಪ್ಯೂಟರ್, ಪ್ರಿಂಟರ್, ಸರ್ವರ್ ರೂಮ್ ಬಾಡಿಗೆದಾರರದ್ದು. ಕರೆಂಟ್ ಮೀಟರ್ ಮಾತ್ರ ಇಡೀ ಕಟ್ಟಡಕ್ಕೆ ಒಂದೇ. ತಿಂಗಳ ಬಿಲ್ ಬಂದ ಮೇಲೆ ಯಾರ ಹತ್ತಿರ ಎಷ್ಟು ಜಾಗ ಇದೆಯೋ ಆ ಲೆಕ್ಕದಲ್ಲಿ ಹಂಚುತ್ತಿದ್ದರು.

ಕಗ್ಗಂಟು ಇರುವುದು ಈ ಹಂಚಿಕೆಯಲ್ಲೇ. ಒಟ್ಟು ಜಾಗದ ಐದನೇ ಒಂದು ಭಾಗದಲ್ಲಿರುವ ಕಂಪನಿ ಕಷ್ಟಪಟ್ಟು 100 ಯೂನಿಟ್ ಉಳಿಸಿತು ಅನ್ನಿ. ಬಿಲ್ ಹಂಚಿದಾಗ ಅದರ ಪಾಲಿಗೆ ಬರುವುದು 20 ಯೂನಿಟ್‌ನ ಲಾಭ ಮಾತ್ರ. ಮಿಕ್ಕ 80 ಸುಮ್ನೆ ಕೂತವರಿಗೆ ಹೋಗುತ್ತದೆ. ಅದೇ ಕಂಪನಿ ರಾತ್ರಿಯಿಡೀ ದೀಪ ಉರಿಸಿ 100 ಯೂನಿಟ್ ಜಾಸ್ತಿ ಖರ್ಚು ಮಾಡಿದರೂ ಅದರ ತಲೆ ಮೇಲೆ ಬೀಳುವುದು 20 ಯೂನಿಟ್. ಮಾಲೀಕರ ಕಡೆಯೂ ಹೀಗೆಯೇ. ಹಳೇ ಯಂತ್ರ ತೆಗೆದು ಹೊಸದು ಹಾಕಿಸುವ ಖರ್ಚು ಅವರದ್ದು, ಇಳಿಯುವ ಬಿಲ್ ಬಾಡಿಗೆದಾರರದ್ದು. ಹಾಗಾಗಿ ಉಳಿತಾಯ ಎಲ್ಲರಿಗೂ ಬೇಕು, ಬೆಕ್ಕಿಗೆ ಗಂಟೆ ಕಟ್ಟೋರು ಮಾತ್ರ ಯಾರೂ ಇಲ್ಲ.

ಈ ಕಟ್ಟಡದ ಎಲೆಕ್ಟ್ರಿಕಲ್ ಮತ್ತು ಎಸಿ ಕೆಲಸ ನನ್ನ ಜವಾಬ್ದಾರಿ. ಮಾಲೀಕರೂ ಮೂರು ಕಂಪನಿಯವರೂ ಒಟ್ಟಿಗೆ ಕೂತು ಏನಾದರೂ ಮಾಡೋಣ ಅಂದಾಗ ನಾನು ಕೇಳಿದ್ದು ಒಂದೇ. ಯಾರ ದುಡ್ಡು, ಯಾರ ಲಾಭ ಅನ್ನುವ ಮಾತು ಆಮೇಲೆ ಇರಲಿ. ಮೊದಲು ಮಹಡಿಗೊಂದು ಮೀಟರ್ ಹಾಕೋಣ. ಅಂಕಿ ಕೈಯಲ್ಲಿ ಇಲ್ಲದೆ ಮಾತಿಗೆ ಕೂತರೆ ಎಲ್ಲರೂ ಇನ್ನೊಬ್ಬರ ಮಹಡಿ ಕಡೆಗೇ ಬೆರಳು ತೋರಿಸುತ್ತಾರೆ.

ಎಲ್ಲೆಲ್ಲಿ ಅಳೆಯಬೇಕು

ಮೀಟರ್ ತರಿಸುವ ಮೊದಲು ಪ್ಯಾನೆಲ್ ರೂಮಿನಲ್ಲಿ ನಿಂತು ಇಡೀ ಕಟ್ಟಡದ ಲೈನ್ ನಕ್ಷೆಯನ್ನು ಹೊಸದಾಗಿ ಬರೆದೆವು. ಹಳೇದೊಂದು ಇತ್ತು, ಆದರೆ ಅದು ಕಟ್ಟಡ ಕಟ್ಟಿದ ಕಾಲದ್ದು. ಆಮೇಲೆ ಎಷ್ಟೋ ಬಾಡಿಗೆದಾರರು ಬಂದು ಹೋಗಿದ್ದಾರೆ. ಬಂದವರೆಲ್ಲ ಒಂದಿಷ್ಟು ವೈರ್ ಎಳೆದಿದ್ದಾರೆ. ರಜೆಯ ದಿನ ಒಬ್ಬರು ಮಹಡಿಯಲ್ಲಿ, ಇನ್ನೊಬ್ಬರು ಪ್ಯಾನೆಲ್ ಮುಂದೆ ನಿಂತು ಒಂದೊಂದೇ ಬ್ರೇಕರ್ ಇಳಿಸಿ ನೋಡುವುದು ಬಿಟ್ಟರೆ ಇದಕ್ಕೆ ಬೇರೆ ದಾರಿ ಇಲ್ಲ. ಬೇಸರದ ಕೆಲಸ ನಿಜ. ಆದರೆ ಇದನ್ನು ಬಿಟ್ಟರೆ ಮುಂದಿನ ಯಾವ ಅಂಕಿಗೂ ಬೆಲೆ ಇಲ್ಲ.

ಹೀಗೆ ನೋಡಿದಾಗ ಗಡಿ ದಾಟಿದ ಲೈನ್‌ಗಳು ಸಿಕ್ಕವು. ಮೂರನೇ ಮಹಡಿಯ ಒಂದು ಸಾಲು ದೀಪ ಕಾರಿಡಾರಿನ ಪ್ಯಾನೆಲ್‌ಗೆ ಸೇರಿಕೊಂಡಿತ್ತು. ಒಂದು ಕಂಪನಿಯ ನಾಮಫಲಕದ ದೀಪ ಲಿಫ್ಟಿನ ಪ್ಯಾನೆಲ್‌ನಿಂದ ಉರಿಯುತ್ತಿತ್ತು. ಉಲ್ಟಾ ಕೂಡ ಇತ್ತು: ಮೆಟ್ಟಿಲ ಹತ್ತಿರದ ಎಕ್ಸಾಸ್ಟ್ ಫ್ಯಾನ್ ಒಬ್ಬ ಬಾಡಿಗೆದಾರರ ಲೈನಿನಲ್ಲಿ ಓಡುತ್ತಿತ್ತು. ಇವನ್ನೆಲ್ಲ ಸೇರಬೇಕಾದ ಪ್ಯಾನೆಲ್‌ಗೆ ಸೇರಿಸಿದ ಮೇಲೆಯೇ ಮೀಟರ್‌ಗೆ ಕೈ ಹಾಕಿದ್ದು.

ಗಡಿ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಆಸ್ಟ್ರೇಲಿಯಾದ ನಾಬರ್ಸ್ ಪದ್ಧತಿ ನನಗೆ ಇಷ್ಟ. ಅಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರಗಳ ದರ್ಜೆ ಕೊಡುವಾಗ ಮಾಲೀಕರ ಪಾಲಿಗೆ ಬೇರೆ, ಬಾಡಿಗೆದಾರರ ಪಾಲಿಗೆ ಬೇರೆ, ಇಡೀ ಕಟ್ಟಡಕ್ಕೆ ಬೇರೆ ಲೆಕ್ಕ ಇದೆ. ಎಸಿ ಯಂತ್ರ, ಲಿಫ್ಟ್, ಸಾಮಾನ್ಯ ಜಾಗದ ದೀಪ ಮಾಲೀಕರ ಖಾತೆಗೆ. ಮಹಡಿಯೊಳಗಿನ ದೀಪ ಮತ್ತು ಪ್ಲಗ್ ಬಾಡಿಗೆದಾರರ ಖಾತೆಗೆ. ನಾವೂ ಅದೇ ಗೆರೆ ಎಳೆದೆವು. ಪ್ರತಿ ಮಹಡಿಯ ದೀಪ-ಪ್ಲಗ್ ಫೀಡರ್‌ಗೆ (ಪ್ಯಾನೆಲ್‌ನಿಂದ ಮಹಡಿಗೆ ಹೋಗುವ ಮುಖ್ಯ ಲೈನ್) ಒಂದು, ಪ್ರತಿ ಎಎಚ್‌ಯುಗೆ ಒಂದು, ಚಿಲ್ಲರ್‌ಗೆ ಒಂದು, ಪಂಪು ಮತ್ತು ಕೂಲಿಂಗ್ ಟವರ್‌ಗೆ ಒಂದು, ಲಿಫ್ಟ್ ಮತ್ತು ಸಾಮಾನ್ಯ ದೀಪಕ್ಕೆ ಒಂದು ಮೀಟರ್.

ಎಎಚ್‌ಯುಗೆ ಬೇರೆ ಮೀಟರ್ ಯಾಕೆ ಅಂತ ಮಾಲೀಕರು ಕೇಳಿದರು. ಯಂತ್ರ ಮಾಲೀಕರದ್ದು, ಅದು ಎಷ್ಟು ಹೊತ್ತು ಓಡಬೇಕು ಅಂತ ಹೇಳುವವರು ಬಾಡಿಗೆದಾರರು. ಎರಡು ಕೈ ಸೇರುವ ಜಾಗ ಅದು. ಪೋಲಾಗುವುದು ಹೆಚ್ಚಾಗಿ ಅಲ್ಲೇ. ಅದನ್ನು ಚಿಲ್ಲರ್ ಜೊತೆ ಬೆರೆಸಿ ಅಳೆದರೆ ಏನೂ ಕಾಣುವುದಿಲ್ಲ.

ಸಿಟಿ ಕಟ್ಟುವಾಗ

ಸಿಟಿ ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಕೇಬಲ್ ಸುತ್ತ ಕೂತು ಅದರಲ್ಲಿ ಹರಿಯುವ ಕರೆಂಟ್ ಎಷ್ಟು ಅಂತ ಮೀಟರ್‌ಗೆ ತಿಳಿಸುವ ಬಳೆ. ಓಡುತ್ತಿರುವ ಕಚೇರಿಯಲ್ಲಿ ಕೇಬಲ್ ಬಿಚ್ಚುವುದು ಕಷ್ಟ. ಅದಕ್ಕೆ ಬಾಯಿ ತೆರೆದು ಕೇಬಲ್ ಸುತ್ತ ಮುಚ್ಚುವ ಸ್ಪ್ಲಿಟ್ ಕೋರ್ ಸಿಟಿ ಆರಿಸಿಕೊಂಡೆವು. ಇವುಗಳಲ್ಲಿ ಎರಡು ಥರ. ಒಂದು 5 ಆಂಪಿಯರ್ ಅಥವಾ 1 ಆಂಪಿಯರ್ ಹೊರಗೆ ಕೊಡುವಂಥದ್ದು. ಇನ್ನೊಂದು 333 ಮಿಲಿವೋಲ್ಟ್ ಕೊಡುವಂಥದ್ದು. ಮೊದಲನೆಯದರಲ್ಲಿ ಕೇಬಲ್‌ನಲ್ಲಿ ಕರೆಂಟ್ ಹರಿಯುವಾಗ ಸಿಟಿಯ ತುದಿ ಬಿಚ್ಚಿಟ್ಟರೆ ಅಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಹುಟ್ಟುತ್ತದೆ. ಸಿಟಿಯ ಎರಡು ತುದಿಯನ್ನು ಒಂದಕ್ಕೊಂದು ಸೇರಿಸಿಡುವ ಶಾರ್ಟಿಂಗ್ ಟರ್ಮಿನಲ್ ಇಲ್ಲದೆ ಅದನ್ನು ಮುಟ್ಟಲೇಬಾರದು. ನಾವು 333 ಮಿಲಿವೋಲ್ಟ್‌ನದ್ದನ್ನೇ ತಂದೆವು. ಪ್ಯಾನೆಲ್ ತೆರೆಯುವ ಕೆಲಸ ಮಾತ್ರ ಯಾವ ಸಿಟಿ ಆದರೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದೇ, ಫೀಡರ್ ಇಳಿಸಿಯೇ ಮಾಡಬೇಕು.

ಈಗ ನಾಲ್ಕನೇ ಮಹಡಿಯ ಫೀಡರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೀಗೆ ಮುಖ್ಯ ಮೀಟರಿನ ಕೆಳಗೆ ಸಬ್-ಮೀಟರ್ ಹಾಕುವ ಯಾರಿಗಾದರೂ ಇದು ಎದುರಾಗಬಹುದು. ಮೀಟರ್ ಹತ್ತಿಸಿದ ಕೂಡಲೇ ಪರದೆ ಮೇಲೆ ಮೂರೂ ಫೇಸಿನ ಆಂಪಿಯರ್ ಸರಿಯಾಗಿಯೇ ಬಂತು. ಕ್ಲ್ಯಾಂಪ್ ಮೀಟರ್ ಹಿಡಿದರೂ ಅದೇ ಆಂಪಿಯರ್. ಆದರೆ ಒಟ್ಟು ಕಿಲೋವ್ಯಾಟ್ ಇರಬೇಕಾದ್ದರ ಮೂರನೇ ಒಂದು ಭಾಗದಷ್ಟೇ ತೋರಿಸುತ್ತಿತ್ತು. ಮೂರನೇ ಒಂದು ಭಾಗ ಅಂದ ಕೂಡಲೇ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ಒಂದು ಫೇಸಿನ ಸಿಟಿ ಉಲ್ಟಾ ಕೂತಿದೆ. ಎರಡು ಫೇಸು ಕೂಡುತ್ತವೆ, ಮೂರನೆಯದು ಕಳೆಯುತ್ತದೆ, ಕೊನೆಗೆ ಉಳಿಯುವುದು ಒಂದು. ಫೇಸ್‌ವಾರು ಕಿಲೋವ್ಯಾಟ್ ತೆರೆದು ನೋಡಿದರೆ ಹಳದಿ ಫೇಸಿನಲ್ಲಿ ಮೈನಸ್ ಗುರುತು ಇತ್ತು. ಅಲ್ಲಿ ಕೇಬಲ್ ಬಾಗಿ ಕೆಳಗಿನಿಂದ ಬರುತ್ತಿತ್ತು. ಸಿಟಿ ಮೇಲಿನ ಬಾಣದ ಗುರುತು ಲೋಡ್ ಕಡೆಗೆ ಇರುವ ಬದಲು ಸಪ್ಲೈ ಕಡೆಗೆ ತಿರುಗಿತ್ತು. ತೆಗೆದು ತಿರುಗಿಸಿ ಹಾಕಿದ ಮೇಲೆ ಸರಿಯಾಯಿತು.

ಇದಕ್ಕಿಂತ ಕಳ್ಳ ದೋಷ ಇನ್ನೊಂದಿದೆ. ಹಳದಿ ಫೇಸಿನ ಸಿಟಿ ನೀಲಿ ಫೇಸಿಗೆ, ನೀಲಿಯದು ಹಳದಿಗೆ ಅದಲುಬದಲಾದರೆ, ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 1ರ ಹತ್ತಿರ ಇರುವ ಸಮ ಲೋಡಿನಲ್ಲಿ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಆಂಪಿಯರ್ ಸರಿ, ವೋಲ್ಟೇಜ್ ಸರಿ, ಯೂನಿಟ್ ಮಾತ್ರ ಏರುವುದಿಲ್ಲ. ಸಿಟಿ ಅನುಪಾತವನ್ನೂ ಎರಡು ಸಲ ನೋಡಬೇಕು. ಕಟ್ಟಿದ್ದು 200 ಆಂಪಿಯರ್‌ನ ಸಿಟಿ, ಮೀಟರ್‌ನಲ್ಲಿ ಒತ್ತಿದ್ದು 100 ಅಂತಾದರೆ ಆ ಬಾಡಿಗೆದಾರರ ಬಿಲ್ ವರ್ಷಗಟ್ಟಲೆ ಅರ್ಧಕ್ಕೇ ನಿಲ್ಲುತ್ತದೆ. ಮಿಕ್ಕಿದ್ದನ್ನು ಬೇರೆಯವರು ಕಟ್ಟುತ್ತಿರುತ್ತಾರೆ.

ಅಂಕಿಗಳು ಒಂದೇ ಕಡೆ ಬರಲಿ ಅಂತ ಮೀಟರ್‌ಗಳನ್ನೆಲ್ಲ ಆರ್‌ಎಸ್-485 ಅನ್ನುವ ಮಾಹಿತಿ ಸಾಗಿಸುವ ತಂತಿಯಲ್ಲಿ ಒಂದರಿಂದ ಒಂದಕ್ಕೆ ಸಾಲಾಗಿ ಎಳೆದೆವು. ಕವಲು ಒಡೆಯಬಾರದು. ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರಬೇಕು. ಪ್ರತಿ ಮೀಟರ್‌ಗೂ ಬೇರೆ ಬೇರೆ ವಿಳಾಸ ಕೊಡಬೇಕು, ವೇಗ ಎಲ್ಲಕ್ಕೂ ಒಂದೇ ಇರಬೇಕು. 15 ನಿಮಿಷಕ್ಕೊಮ್ಮೆ ಓದಿ ಬರೆದಿಡುವ ಸಣ್ಣ ಲಾಗರ್ ಸಾಕು. ಅಲಂಕಾರದ ಡ್ಯಾಶ್‌ಬೋರ್ಡ್ ಬೇಕಿಲ್ಲ.

ಕೊನೆಯ ಪರೀಕ್ಷೆ ಕೂಡಿಸುವ ಲೆಕ್ಕ. ಎಲ್ಲಾ ಸಬ್-ಮೀಟರ್ ಕೂಡಿಸಿದ್ದು ಮುಖ್ಯ ಮೀಟರಿಗೆ ಹತ್ತಿರ ಬರಬೇಕು. ನಾವು ಶೇ. 3ರ ಒಳಗೆ ಬರುವ ತನಕ ಬಿಡಲಿಲ್ಲ. ಆ ಅಂಕಿಯನ್ನು ಮೂರೂ ಕಂಪನಿಯವರ ಮುಂದೆಯೇ ಕೂಡಿಸಿ ತೋರಿಸಿದೆವು. ಸಬ್-ಮೀಟರ್ ಹಿಡಿದು ಬಿಲ್ ಹಾಕುವುದಾದರೆ ಮೀಟರ್‌ನ ಕ್ಲಾಸ್ (ಅಳತೆ ಎಷ್ಟು ನಿಖರ ಅನ್ನುವ ದರ್ಜೆ) ಮತ್ತು ಆಯಾ ಊರಿನ ನಿಯಮ ಎರಡನ್ನೂ ಮೊದಲೇ ನೋಡಿಕೊಳ್ಳಬೇಕು.

ರಾತ್ರಿಯ ಗೆರೆ

ಗ್ರಾಫ್ ಬಂದ ಮೇಲೆ ನಾನು ಹಗಲಿನ ಕಡೆ ನೋಡಲೇ ಇಲ್ಲ. ಕಚೇರಿ ಕಟ್ಟಡದಲ್ಲಿ ಮೊದಲು ನೋಡಬೇಕಾದ್ದು ಎಲ್ಲರೂ ಮನೆಗೆ ಹೋದ ಮೇಲೆ ಎಷ್ಟು ಕರೆಂಟ್ ಹೋಗುತ್ತದೆ ಅನ್ನುವುದು. ಹಗಲಿನ ಖರ್ಚಿಗೆ ಏನಾದರೂ ಕಾರಣ ಇರುತ್ತದೆ. ರಾತ್ರಿಯ ಖರ್ಚಿಗೆ ಕಾರಣ ಹೇಳಬೇಕು.

ಇಲ್ಲಿ ಎರಡನೇ ಮಹಡಿಯ ಎಎಚ್‌ಯು ರಾತ್ರಿಯೂ ನಿಲ್ಲುತ್ತಿರಲಿಲ್ಲ. ಅದು ಓಡಬೇಕಾದರೆ ತಣ್ಣೀರು ಬೇಕು. ತಣ್ಣೀರಿಗೆ ಪಂಪು ಓಡಬೇಕು, ಚಿಲ್ಲರ್ ಓಡಬೇಕು. ಚಿಲ್ಲರ್‌ನ ಬಿಸಿ ಹೊರಗೆ ಹೋಗಲು ಕಂಡೆನ್ಸರ್ ಪಂಪು ಮತ್ತು ಕೂಲಿಂಗ್ ಟವರ್ ಫ್ಯಾನ್ ಬೇಕು. ಕಾರಣ ಹುಡುಕಿಕೊಂಡು ಹೋದರೆ ಮಹಡಿಯ ಮೂಲೆಯಲ್ಲಿ ಒಂದು ಸರ್ವರ್ ರೂಮ್. ಆ ರೂಮಿಗೆ ಬೇರೆ ಎಸಿ ಇರಲಿಲ್ಲ. ಮಹಡಿಗೆ ತಂಪು ಗಾಳಿ ಒಯ್ಯುವ ಡಕ್ಟ್‌ನಿಂದಲೇ ಒಂದು ಕವಲು ಎಳೆದಿದ್ದರು.

ಸರ್ವರ್ ರೂಮಿನ ಬಿಸಿ ಎಷ್ಟು ಅಂತ ತಿಳಿಯಲು ದೊಡ್ಡ ಲೆಕ್ಕ ಬೇಕಿಲ್ಲ. ಒಳಗೆ ಹೋದ ಕರೆಂಟ್ ಪೂರ್ತಿ ಬಿಸಿಯಾಗಿಯೇ ಹೊರಗೆ ಬರುತ್ತದೆ. ಯುಪಿಎಸ್ ಪರದೆ ಸುಮಾರು 4 ಕಿಲೋವ್ಯಾಟ್ ತೋರಿಸುತ್ತಿತ್ತು. ಒಂದು ಟನ್ ಎಸಿ ಅಂದರೆ 3.5 ಕಿಲೋವ್ಯಾಟ್ ಬಿಸಿ ತೆಗೆಯುವ ಶಕ್ತಿ. ಅಂದರೆ ಬೇಕಾಗಿದ್ದು ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದಕ್ಕಾಗಿ ಓಡುತ್ತಿದ್ದ ಮೋಟರ್‌ಗಳ ನೇಮ್‌ಪ್ಲೇಟ್ ಓದಿದೆವು: ಎಎಚ್‌ಯು 7.5 ಕಿಲೋವ್ಯಾಟ್, ತಣ್ಣೀರ ಪಂಪು 11, ಕಂಡೆನ್ಸರ್ ಪಂಪು 15, ಟವರ್ ಫ್ಯಾನ್ 5.5. ಕೂಡಿಸಿದರೆ 39. ಕಂಪ್ರೆಸರ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಷ್ಟು ಕಡಿಮೆ ಲೋಡಿನಲ್ಲಿ ಆ ದೊಡ್ಡ ಕಂಪ್ರೆಸರ್ ಹತ್ತುವುದು, ಆರುವುದು, ಮತ್ತೆ ಹತ್ತುವುದು. ಯಂತ್ರದ ಆಯಸ್ಸೂ ಅಲ್ಲೇ ಸವೆಯುತ್ತಿತ್ತು. ಇದೇ ಕೆಲಸವನ್ನು ಒಂದು ಸಣ್ಣ ಸ್ಪ್ಲಿಟ್ ಎಸಿ ಒಂದೂವರೆ ಕಿಲೋವ್ಯಾಟ್‌ನೊಳಗೆ ಮುಗಿಸುತ್ತದೆ.

ಈ ಅಂಕಿಗಳನ್ನು ಮೇಜಿನ ಮೇಲೆ ಇಟ್ಟಾಗ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಎಎಚ್‌ಯು ನಿಲ್ಲಿಸಿ ಅಂತ ನಾವು ಹೇಳೋಕಾಗಲ್ಲ ಸರ್, ಸರ್ವರ್ ಕೂತ್ಕೊಂಡ್ರೆ ನಮ್ಮ ಕೆಲಸವೇ ನಿಲ್ಲುತ್ತೆ" ಅಂದರು ಆ ಕಂಪನಿಯ ಆಡಳಿತ ನೋಡುವ ಮೇಡಂ.

"ನಿಲ್ಲಿಸೋಕೆ ನನಗೂ ಆಗಲ್ಲ ಮೇಡಂ. ನಿಮ್ಮ ಮಹಡಿಗೆ 24 ಗಂಟೆ ಎಸಿ ಅಂತ ಕರಾರಿನಲ್ಲೇ ಬರೆದಿದೆ" ಅಂದರು ಮಾಲೀಕರು.

ಇಬ್ಬರೂ ಹೇಳಿದ್ದು ನಿಜ. ಆದರೆ ಅವರಿಗೆ ಬೇಕಾಗಿದ್ದು ಮಹಡಿಗೆ 24 ಗಂಟೆ ಎಸಿ ಅಲ್ಲ, ಒಂದು ಸಣ್ಣ ರೂಮಿಗೆ 24 ಗಂಟೆ ತಂಪು. ಕರಾರು ಬರೆಯುವಾಗ ಅದನ್ನು ಯಾರೂ ಕೇಳಿರಲಿಲ್ಲ.

ದುಡ್ಡು ಯಾರದ್ದು

ಇಲ್ಲಿಗೆ ಬಂದಾಗ ಗಾಡಿ ಮತ್ತೆ ನಿಂತಿತು. ಹೊಸ ಸ್ಪ್ಲಿಟ್ ಎಸಿಯನ್ನು ಬಾಡಿಗೆದಾರರು ತಂದರೆ ಅದರ ಖರ್ಚು ಅವರದ್ದು, ಅದು ಓಡುವ ಕರೆಂಟ್ ಅವರ ಮೀಟರ್‌ಗೆ. ಚಿಲ್ಲರ್ ನಿಂತು ಉಳಿಯುವ ಕರೆಂಟ್ ಮಾತ್ರ ಎಲ್ಲರಿಗೂ ಹಂಚಿಹೋಗುತ್ತದೆ. ಮಾಲೀಕರು ತಂದರೆ ಅವರಿಗೆ ಏನೂ ಬರುವುದಿಲ್ಲ. ಹೊರಗಿನ ಯೂನಿಟ್ ಇಡಲು ತಾರಸಿ ಮಾಲೀಕರದ್ದು, ತಾಮ್ರದ ಪೈಪ್ ಹೋಗಬೇಕಾದ ಶಾಫ್ಟ್ ಕೂಡ ಅವರದ್ದೇ. ಒಬ್ಬರೇ ಮಾಡೋಣ ಅಂದರೂ ಆಗದ ಕೆಲಸ ಇದು.

ಇಂಥ ಗಂಟು ಬಿಚ್ಚಲು ನ್ಯೂಯಾರ್ಕ್ ನಗರದಲ್ಲಿ 2011ರಲ್ಲಿ ಒಂದು ಕರಾರಿನ ಷರತ್ತು ರೂಪಿಸಿದ್ದರು. 7 ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಜಾಗ ಹಿಡಿದ ವಿಲ್ಮರ್‌ಹೇಲ್ ಅನ್ನುವ ವಕೀಲರ ಸಂಸ್ಥೆಯ ಬಾಡಿಗೆ ಕರಾರಿನಲ್ಲಿ ಅದು ಮೊದಲು ಬಂತು. ಅದರ ಉಪಾಯ ಸರಳ. ಉಳಿತಾಯದ ಯಂತ್ರಕ್ಕೆ ಮಾಲೀಕರು ದುಡ್ಡು ಹಾಕುತ್ತಾರೆ. ವರ್ಷಕ್ಕೆ ಎಷ್ಟು ಉಳಿಯಬಹುದು ಅಂತ ಇಬ್ಬರೂ ಒಪ್ಪಿದ ಎಂಜಿನಿಯರ್ ಮೊದಲೇ ಅಂದಾಜು ಕೊಡುತ್ತಾರೆ. ಆ ಅಂದಾಜಿನ ಶೇ. 80ರಷ್ಟನ್ನು ಮಾತ್ರ ಮಾಲೀಕರು ಬಾಡಿಗೆದಾರರಿಂದ ವಸೂಲು ಮಾಡಬಹುದು. ಮಿಕ್ಕ ಶೇ. 20 ಬಾಡಿಗೆದಾರರಿಗೆ ಆಸರೆ. ಅಂದಾಜು ಸ್ವಲ್ಪ ತಪ್ಪಿ ಉಳಿತಾಯ ಕಡಿಮೆ ಬಂದರೂ ಅವರ ಕೈಯಿಂದ ಹೋಗುವುದಿಲ್ಲ. ಮಾಲೀಕರಿಗೆ 4 ವರ್ಷದಲ್ಲಿ ಬರಬೇಕಾದ ದುಡ್ಡು 5 ವರ್ಷದಲ್ಲಿ ಬರುತ್ತದೆ. ವರ್ಷಕ್ಕೆ 100ರಂತೆ 4 ವರ್ಷ ಅಂದರೂ 400, 80ರಂತೆ 5 ವರ್ಷ ಅಂದರೂ 400.

ನಮ್ಮವರಿಗೂ ಇದು ಹಿಡಿಸಿತು. ನನಗೆ ಇದರಲ್ಲಿ ಇಷ್ಟವಾಗಿದ್ದು ಆ 20. ಅನುಮಾನ ಇರುವುದು ಸಹಜ ಅಂತ ಒಪ್ಪಿಕೊಂಡು, ಆ ಅನುಮಾನಕ್ಕೇ ಜಾಗ ಬಿಟ್ಟು ಬರೆದ ಷರತ್ತು ಅದು. ಈಗಿರುವ ಕರಾರಿಗೆ ಒಂದು ಪುರವಣಿ ಪತ್ರ ಮಾಡಿ ಮಾಲೀಕರೂ ಮೂರು ಕಂಪನಿಯವರೂ ಸಹಿ ಹಾಕಿದರು. ಹೊಸ ಎಸಿ ಮಾಲೀಕರ ಆಸ್ತಿ. ಕಂಪನಿ ಜಾಗ ಬಿಟ್ಟರೂ ಅದು ಕಟ್ಟಡದಲ್ಲೇ ಉಳಿಯುತ್ತದೆ. ಅದರ ಕರೆಂಟ್ ಆ ಕಂಪನಿಯ ಮೀಟರಿಗೆ. ಚಿಲ್ಲರ್‌ನಿಂದ ಉಳಿದದ್ದರಲ್ಲಿ ಮೂರೂ ಕಂಪನಿಗೆ ಪಾಲು, ವಸೂಲಿಯಲ್ಲೂ ಪಾಲು. 24 ಗಂಟೆ ಎಸಿ ಅನ್ನುವ ಸಾಲು ತೆಗೆದು, ಸರ್ವರ್ ರೂಮಿನ ಉಷ್ಣತೆ ಇಂತಿಷ್ಟರ ಒಳಗೆ ಇರಬೇಕು ಅಂತ ಬರೆದರು.

ಕೆಲಸವೇನೂ ದೊಡ್ಡದಲ್ಲ. ಒಂದೂವರೆ ಟನ್‌ನ ಎರಡು ಯೂನಿಟ್ ಹಾಕಿದೆವು. ಸರದಿ ಪ್ರಕಾರ ಒಂದು ಓಡುತ್ತದೆ, ಇನ್ನೊಂದು ಕಾದಿರುತ್ತದೆ. ಒಂದು ಕೆಟ್ಟರೆ ಇನ್ನೊಂದು ತಾನೇ ಹತ್ತಿಕೊಳ್ಳುತ್ತದೆ. ಹೀಗೆ ಮಾಡದಿದ್ದರೆ ಯಾವ ಐಟಿ ವಿಭಾಗವೂ ಚಿಲ್ಲರ್ ನಿಲ್ಲಿಸಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಸರ್ವರ್‌ಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು ಅಂತ ಎಸಿ ಎಂಜಿನಿಯರುಗಳ ಸಂಘ ಆಶ್ರೇ ಹೇಳುತ್ತದೆ. ನಾವು 24ಕ್ಕೆ ಇಟ್ಟೆವು. ಮೊದಲು 18ಕ್ಕೆ ಇಟ್ಟಿದ್ದರು, ಅದರಿಂದ ಸರ್ವರ್‌ಗೇನೂ ಲಾಭ ಇರಲಿಲ್ಲ. ಹಳೇ ಡಕ್ಟ್ ಕವಲಿಗೆ ತಗಡು ಮುಚ್ಚಿ ಸೀಲ್ ಮಾಡಿದೆವು. ಉಷ್ಣತೆ ಏರಿದರೆ ನನಗೂ ಕಂಪನಿಯವರಿಗೂ ಮೆಸೇಜ್ ಬರುವ ಸೆನ್ಸರ್ ಹಾಕಿದೆವು. ಆಮೇಲೆ ರಾತ್ರಿ ಚಿಲ್ಲರ್ ನಿಲ್ಲಿಸಿದೆವು. ರಾತ್ರಿಯ ಗೆರೆ ಗ್ರಾಫಿನ ತಳಕ್ಕೆ ಇಳಿಯಿತು. ಅದನ್ನು ನೋಡಿದ ಮೇಲೆ ಮುಂದಿನ ಯಾವ ಕೆಲಸಕ್ಕೂ ಯಾರನ್ನೂ ಒಪ್ಪಿಸಬೇಕಾಗಿ ಬರಲಿಲ್ಲ.

ಪ್ರಿಂಟರ್ ಹಿಂದಿನ ಥರ್ಮೋಸ್ಟ್ಯಾಟ್

ನಾಲ್ಕನೇ ಮಹಡಿಯಿಂದ ಮೊದಲಿನಿಂದಲೂ ಚಳಿ ಅಂತ ದೂರು ಇತ್ತು. ಕೆಲವರು ಸ್ವೆಟರ್ ಹಾಕಿಕೊಂಡೇ ಕೂರುತ್ತಿದ್ದರು. ಎಎಚ್‌ಯು ಹತ್ತಿರ ಹೋಗಿ ನೋಡಿದರೆ ಅಲ್ಲಿ ತಣ್ಣೀರ ವಾಲ್ವ್ ಹಗಲಿಡೀ ಪೂರ್ತಿ ತೆರೆದೇ ಇರುತ್ತಿತ್ತು. ಥರ್ಮೋಸ್ಟ್ಯಾಟ್ ಹುಡುಕಿದೆ. ಅದು ದೊಡ್ಡ ಪ್ರಿಂಟರಿನ ಹಿಂದಿನ ಗೋಡೆಯ ಮೇಲಿತ್ತು. ಪ್ರಿಂಟರಿನ ಬಿಸಿಗಾಳಿ ಹೊರಗೆ ಬರುವ ಜಾಲರಿ ನೇರ ಅದರ ಮುಂದೆ. ಕೈಯಲ್ಲಿದ್ದ ಥರ್ಮಾಮೀಟರ್ ಮೇಜುಗಳ ಹತ್ತಿರ 21 ತೋರಿಸಿದರೆ ಗೋಡೆಯ ಮೇಲಿನದು 27 ಅನ್ನುತ್ತಿತ್ತು. ಪಾಪ, ಅದು ಮಹಡಿ ಇನ್ನೂ ಬಿಸಿ ಇದೆ ಅಂತ ತಿಳಿದು ತಣ್ಣೀರು ಕೇಳುತ್ತಲೇ ಇತ್ತು.

ಥರ್ಮೋಸ್ಟ್ಯಾಟ್ ಮಾಲೀಕರದ್ದು, ಪ್ರಿಂಟರ್ ಬಾಡಿಗೆದಾರರದ್ದು. ಒಳಾಂಗಣ ಬದಲಿಸುವಾಗ ಪ್ರಿಂಟರ್ ಅಲ್ಲಿಗೆ ಬಂದಿದೆ, ಮಾಲೀಕರ ಕಡೆಯವರಿಗೆ ಗೊತ್ತೇ ಇಲ್ಲ. ನಾವು ಥರ್ಮೋಸ್ಟ್ಯಾಟನ್ನು ಗಾಳಿ ವಾಪಸ್ ಹೋಗುವ ದಾರಿಯ ಹತ್ತಿರದ ಕಂಬಕ್ಕೆ ಬದಲಿಸಿದೆವು. ಒಂದು ತುಂಡು ಕೇಬಲ್, ನಾಲ್ಕು ಸ್ಕ್ರೂ. ಇಡೀ ಕೆಲಸದಲ್ಲಿ ಇಷ್ಟು ಅಗ್ಗದ ರಿಪೇರಿ ಇನ್ನೊಂದಿಲ್ಲ. ಅಲ್ಲಿ ಕೂರುವವರು ಬಂದು ಥ್ಯಾಂಕ್ಸ್ ಹೇಳಿದ್ದೂ ಇದಕ್ಕೇ.

ಎಲ್ಲಾ ಮಹಡಿಯ ತಣ್ಣೀರ ಬೇಡಿಕೆ ಹದಕ್ಕೆ ಬಂದ ಮೇಲೆ ಚಿಲ್ಲರ್‌ನಿಂದ ಹೊರಡುವ ನೀರನ್ನು ಸ್ವಲ್ಪ ಕಡಿಮೆ ತಣ್ಣಗೆ ಇಡಲು ಸಾಧ್ಯವಾಯಿತು. ಸಾಮಾನ್ಯವಾಗಿ ಒಂದು ಡಿಗ್ರಿ ಏರಿಸಿದರೆ ಕಂಪ್ರೆಸರ್‌ಗೆ ಶೇ. 2ರಿಂದ 3ರಷ್ಟು ಕೆಲಸ ಕಡಿಮೆಯಾಗುತ್ತದೆ. ಆದರೆ ಮಳೆಗಾಲದಲ್ಲಿ ಒಳಗಿನ ತೇವ ನೋಡಿಕೊಂಡೇ ಏರಿಸಬೇಕು. ನೀರು ಬೆಚ್ಚಗಾದಷ್ಟೂ ಗಾಳಿಯಿಂದ ತೇವ ತೆಗೆಯುವುದು ಕಡಿಮೆಯಾಗುತ್ತದೆ.

ಫ್ಯಾನ್ ವೇಗ

ಎಎಚ್‌ಯು ಫ್ಯಾನ್‌ಗಳೆಲ್ಲ ಪೂರ್ತಿ ವೇಗದಲ್ಲಿ ಓಡುತ್ತಿದ್ದವು. ಗಾಳಿ ಜಾಸ್ತಿ ಆಯ್ತು ಅಂತ ಡ್ಯಾಂಪರ್, ಅಂದರೆ ಡಕ್ಟ್‌ನೊಳಗೆ ಗಾಳಿ ತಡೆಯುವ ಬಾಗಿಲು, ಅರ್ಧ ಮುಚ್ಚಿದ್ದರು. ಇದಕ್ಕೆ ಮದ್ದು ವಿಎಫ್‌ಡಿ, ಅಂದರೆ ಮೋಟರ್‌ನ ವೇಗ ಏರಿಸುವ ಇಳಿಸುವ ಡ್ರೈವ್. ಡ್ಯಾಂಪರ್ ಪೂರ್ತಿ ತೆರೆದು ವೇಗ ಇಳಿಸುವುದು. ಫ್ಯಾನ್‌ಗೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದು ಕಾಲಿಗೇ ಗೊತ್ತು. 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದರೆ ವೇಗ ಶೇ. 80, ಗಾಳಿಯೂ ಸುಮಾರು ಶೇ. 80. ಶಕ್ತಿ ಮಾತ್ರ 0.8 ಗುಣಿಸು 0.8 ಗುಣಿಸು 0.8, ಅಂದರೆ ಶೇ. 51. ಡ್ರೈವ್ ತಾನೇ ಸ್ವಲ್ಪ ತಿನ್ನುವುದರಿಂದ ನಿಜಕ್ಕೂ ಸಿಗುವ ಉಳಿತಾಯ ಈ ಲೆಕ್ಕಕ್ಕಿಂತ ಒಂದಿಷ್ಟು ಕಡಿಮೆ.

ಎಚ್ಚರ ಇಡಬೇಕಾದ್ದು ಹೊರಗಿನ ಗಾಳಿ. ಫ್ಯಾನ್ ನಿಧಾನವಾದರೆ ಹೊರಗಿನಿಂದ ಬರುವ ಹೊಸ ಗಾಳಿಯೂ ಕಡಿಮೆಯಾಗುತ್ತದೆ. ಪ್ರತಿ ಮಹಡಿಯಲ್ಲೂ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇಟ್ಟು, ಜನ ತುಂಬಿದ ದಿನ ನೋಡಿ, ವೇಗದ ಕೆಳಮಿತಿ ಗೊತ್ತು ಮಾಡಿದೆವು. ಕರೆಂಟ್ ಉಳಿಸುತ್ತೇವೆ ಅಂತ ಜನರಿಗೆ ಉಸಿರು ಕಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಸೆನ್ಸರ್ ಅಂಕಿಯನ್ನು ಬಾಡಿಗೆದಾರರೂ ನೋಡಬಹುದು.

ಐದನೇ ಮಹಡಿಯ ಕಂಪನಿ ಆಗಾಗ ರಾತ್ರಿ ಕೆಲಸ ಮಾಡುತ್ತದೆ. ಮೊದಲು ಸೆಕ್ಯುರಿಟಿಗೆ ಫೋನ್ ಮಾಡಿ ಎಸಿ ಹಾಕಿಸುತ್ತಿದ್ದರು. ನಿಲ್ಲಿಸಿ ಅಂತ ಫೋನ್ ಮಾಡಲು ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ಅವರ ಬಾಗಿಲ ಹತ್ತಿರ ಒಂದು ಬಟನ್ ಇದೆ. ಒತ್ತಿದರೆ ಎರಡು ಗಂಟೆ ಓಡಿ ತಾನೇ ನಿಲ್ಲುತ್ತದೆ. ಬೇಕಾದರೆ ಮತ್ತೆ ಒತ್ತಬೇಕು. ಆ ಗಂಟೆಗಳ ಲೆಕ್ಕ ಅವರ ಖಾತೆಗೇ ಹೋಗುತ್ತದೆ. ಕಚೇರಿ ಹೊತ್ತಿನ ಎಸಿ ಮೊದಲಿನಂತೆ ಜಾಗದ ಲೆಕ್ಕದಲ್ಲಿ, ಹೊತ್ತು ಮೀರಿದ್ದು ಗಂಟೆ ಲೆಕ್ಕದಲ್ಲಿ.

ಉಳಿದದ್ದು ನಿಜವೇ ಅಂತ ನೋಡುವುದು

ಕಳೆದ ವರ್ಷದ ಬಿಲ್ ಪಕ್ಕ ಈ ವರ್ಷದ ಬಿಲ್ ಇಟ್ಟು ಉಳಿತಾಯ ಇಷ್ಟು ಅನ್ನಲು ಆಗುವುದಿಲ್ಲ. ಬಿಸಿಲು ಕಡಿಮೆ ಇದ್ದ ವರ್ಷ ಎಸಿ ಖರ್ಚು ಹೇಗೂ ಇಳಿಯುತ್ತದೆ. ಅದಕ್ಕೆ ಪ್ರತಿ ದಿನದ ಚಿಲ್ಲರ್ ಯೂನಿಟ್ ಒಂದು ಕಡೆ, ಆ ದಿನದ ಸರಾಸರಿ ಹೊರಗಿನ ಉಷ್ಣತೆ ಇನ್ನೊಂದು ಕಡೆ ಇಟ್ಟು ಚುಕ್ಕಿ ಹಾಕಿದೆವು. ಮೀಟರ್ ಹಾಕಿದ ಮೇಲೆ ಯಾವುದನ್ನೂ ಮುಟ್ಟದೆ ಓದಿದ ದಿನಗಳಿಗೆ ಒಂದು ಗೆರೆ, ಕೆಲಸ ಮುಗಿದ ಮೇಲಿನ ದಿನಗಳಿಗೆ ಇನ್ನೊಂದು. ಒಂದೇ ಉಷ್ಣತೆಯಲ್ಲಿ ಎರಡು ಗೆರೆಗಳ ನಡುವಿನ ಅಂತರವೇ ಉಳಿತಾಯ. ಇದಕ್ಕೇ ಮೀಟರ್ ಹಾಕಿ ಸ್ವಲ್ಪ ಕಾಲ ಸುಮ್ಮನಿರಬೇಕು ಅಂತ ನಾನು ಹಟ ಹಿಡಿದಿದ್ದು. ಆ ಹಳೇ ಗೆರೆ ಇಲ್ಲದಿದ್ದರೆ ಶೇ. 80ರ ಷರತ್ತಿಗೆ ಬುಡವೇ ಇರುತ್ತಿರಲಿಲ್ಲ. ಜನ ಹೆಚ್ಚಾದರೆ, ಹೊಸ ಪಾಳಿ ಶುರುವಾದರೆ ಗೆರೆ ತಿದ್ದಬೇಕು ಅಂತಲೂ ಪುರವಣಿಯಲ್ಲಿ ಬರೆದಿದೆ.

ದೊಡ್ಡ ಕಟ್ಟಡಗಳಲ್ಲೂ ದಾರಿ ಇದೇ. 2009ರಲ್ಲಿ ಘೋಷಿಸಿದ ಎಂಪೈರ್ ಸ್ಟೇಟ್ ಬಿಲ್ಡಿಂಗ್‌ನ ನವೀಕರಣದಲ್ಲಿ ಶೇ. 38ರಷ್ಟು ಶಕ್ತಿ ಉಳಿಸುವ ಗುರಿ ಇತ್ತು. ಅಲ್ಲಿನ 6,514 ಕಿಟಕಿಗಳನ್ನು ಕಟ್ಟಡದಲ್ಲೇ ಹೊಸದು ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಬಾಡಿಗೆದಾರರ ದೀಪ, ಪ್ಲಗ್, ಅವರ ಕರೆಂಟ್ ಲೆಕ್ಕ ಕೂಡ ಅದೇ ಯೋಜನೆಯಲ್ಲಿ ಸೇರಿತ್ತು ಅನ್ನುವುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಂತೂ ಕಾನೂನೇ ಮಾಲೀಕರನ್ನು ಮುಂದಕ್ಕೆ ತಳ್ಳಿದೆ. ಕೆಲವು ವಿನಾಯಿತಿ ಬಿಟ್ಟರೆ, ಶಕ್ತಿ ದರ್ಜೆ 'ಇ'ಗಿಂತ ಕೆಳಗಿರುವ ವಾಣಿಜ್ಯ ಕಟ್ಟಡವನ್ನು 2018ರ ಏಪ್ರಿಲ್‌ನಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. 2023ರ ಏಪ್ರಿಲ್‌ನಿಂದ ಈಗಾಗಲೇ ನಡೆಯುತ್ತಿರುವ ಬಾಡಿಗೆಗೂ ಅದೇ ನಿಯಮ.

ನಮ್ಮಲ್ಲಿ ಇನ್ನು ಬಾಕಿ ಇರುವುದು ಮೂರನೇ ಮಹಡಿಯ ದೀಪಗಳು. ಅಲ್ಲಿನ ಕರಾರು ಮುಗಿಯುವ ಹೊತ್ತು ಹತ್ತಿರ ಬಂದಿದೆ. ಬಿಟ್ಟು ಹೋಗುವ ಜಾಗದ ದೀಪಕ್ಕೆ ಖರ್ಚು ಮಾಡಿ ಅಂತ ಆ ಕಂಪನಿಗೆ ಹೇಳುವುದು ನ್ಯಾಯವಲ್ಲ. ಹಾಗಾಗಿ ಮುಂದೆ ಬರುವವರ ಒಳಾಂಗಣಕ್ಕೆ ನಿಯಮಗಳ ಒಂದು ಹಾಳೆ ಸಿದ್ಧ ಮಾಡುತ್ತಿದ್ದೇವೆ: ಪ್ರತಿ ಚದರ ಮೀಟರ್‌ಗೆ ದೀಪದ ವ್ಯಾಟ್ ಮಿತಿ, ಕಿಟಕಿ ಪಕ್ಕದ ಸಾಲಿಗೆ ಬೇರೆ ಸ್ವಿಚ್, ಸರ್ವರ್ ರೂಮಿಗೆ ಮೊದಲ ದಿನದಿಂದಲೇ ಬೇರೆ ಎಸಿ, ಥರ್ಮೋಸ್ಟ್ಯಾಟ್ ಸುತ್ತ ಖಾಲಿ ಬಿಡಬೇಕಾದ ಜಾಗ. ಕರಾರಿನ ಮಾತು ಶುರುವಾಗುವ ಮೊದಲೇ ಆ ಹಾಳೆ ಅವರ ಕೈಗೆ ಹೋಗಬೇಕು ಅಂತ ಮಾಲೀಕರಿಗೆ ಹೇಳಿದ್ದೇನೆ. ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಸ್ವಿಚ್ ಲೈನ್ ಬೇರೆ ಮಾಡಿಸುವುದು ದುಬಾರಿ.